ತಾರಸಿಯ ಮೇಲಿನ ನ್ಯಾಯಾಧೀಶ



‘ಎ ವೆಡ್‌ನೆಸ್‌ಡೇ’ ಎಂಬ ಹಿಂದಿ ಚಲನಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 2008ರ ಸೆಪ್ಟೆಂಬರ್ 5ರಂದು ತೆರೆಕಂಡ ಈ ಚಿತ್ರ ನೀರಜ್ ಪಾಂಡೆಯವರ ಮೊದಲ ನಿರ್ದೇಶನ. ಹೊಸ ನಿರ್ದೇಶಕರ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿತು. ಮರುವರ್ಷ ಕಮಲ್ ಹಾಸನ್ ಇದನ್ನೇ ತಮಿಳು ಮತ್ತು ತೆಲುಗಿನಲ್ಲಿ ಮಾಡಿದರು. ಹಾಡಿಲ್ಲ, ಕುಣಿತವಿಲ್ಲ, ಎರಡು ಗಂಟೆಯೂ ಹಿಡಿಯದ ಬಿಗಿಯಾದ ಕಥೆ. ನಾಸಿರುದ್ದೀನ್ ಷಾ ಮತ್ತು ಅನುಪಮ್ ಖೇರ್ ಅವರಂಥ ನಟರು. ಚಿತ್ರವಾಗಿ ಅದು ಒಳ್ಳೆಯ ಚಿತ್ರವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ತಕರಾರು ಇರುವುದೇ ಅಲ್ಲಿ. ಕೆಟ್ಟದಾಗಿ ಹೇಳಿದ ಸುಳ್ಳು ಯಾರನ್ನೂ ಕೆಡಿಸುವುದಿಲ್ಲ. ಚೆನ್ನಾಗಿ ಹೇಳಿದ ಸುಳ್ಳು ಒಳ್ಳೆಯವರನ್ನೂ ಕೆಡಿಸುತ್ತದೆ.

ಕಥೆ ನಿಮಗೆ ನೆನಪಿರಬಹುದು. ಒಬ್ಬ ಹೆಸರಿಲ್ಲದ ಮನುಷ್ಯ ಮುಂಬಯಿಯ ಎತ್ತರದ ಕಟ್ಟಡವೊಂದರ ತಾರಸಿಯ ಮೇಲೆ ಕುಳಿತು ಪೊಲೀಸ್ ಆಯುಕ್ತರಿಗೆ ದೂರವಾಣಿ ಕರೆ ಮಾಡುತ್ತಾನೆ. ನಗರದಲ್ಲಿ ಬಾಂಬುಗಳನ್ನು ಇರಿಸಿದ್ದೇನೆ, ಸೆರೆಯಲ್ಲಿರುವ ನಾಲ್ವರು ಭಯೋತ್ಪಾದಕರನ್ನು ಬಿಟ್ಟುಕೊಡಿ ಎಂದು ಬೇಡಿಕೆ ಇಡುತ್ತಾನೆ. ಈ ದಾಳಿಯನ್ನು ತಡೆಯಲು ಇಡೀ ಪೊಲೀಸ್ ಪಡೆ ಓಡಾಡುತ್ತದೆ. ಕೊನೆಗೆ ತಿಳಿಯುವುದೇನೆಂದರೆ, ಅವನಿಗೆ ಆ ನಾಲ್ವರ ಬಿಡುಗಡೆ ಬೇಕಿರಲಿಲ್ಲ, ಸಾವು ಬೇಕಿತ್ತು. ಮೂವರು ಬಾಂಬಿಗೆ ಬಲಿಯಾಗುತ್ತಾರೆ. ನಾಲ್ಕನೆಯವನನ್ನು ಅವನ ಒತ್ತಾಯಕ್ಕೆ ಮಣಿದು ಪೊಲೀಸರೇ ಗುಂಡಿಕ್ಕುತ್ತಾರೆ. 2006ರ ರೈಲು ಸ್ಫೋಟಗಳಿಂದ ನೊಂದ ಸಾಮಾನ್ಯ ಪ್ರಜೆ ತಾನು, ವಿಳಂಬಕ್ಕೆ ಬೇಸತ್ತವನು ತಾನು ಎಂದು ಅವನು ಹೇಳಿಕೊಳ್ಳುತ್ತಾನೆ. ಆಯುಕ್ತರು ಅವನನ್ನು ಗುರುತಿಸಿಯೂ ಬಿಟ್ಟುಬಿಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ.

ಇಷ್ಟು ಹಳೆಯ ಚಿತ್ರದ ಮಾತು ಈಗೇಕೆ ಎಂದು ಕೇಳಬಹುದು. ಚಿತ್ರ ಹಳೆಯದಾಗಿದ್ದರೂ ಅದು ಕಲಿಸಿದ ಪಾಠ ಹಳೆಯದಾಗಿಲ್ಲ. ಜಮಖಂಡಿಯ ಬಸ್ ನಿಲ್ದಾಣದಲ್ಲಿ, ಬನಹಟ್ಟಿಯ ಮಗ್ಗದ ಮನೆಗಳಲ್ಲಿ, ಮುಧೋಳದ ಚಹಾದಂಗಡಿಯಲ್ಲಿ, ಬೀಳಗಿಯ ಸಂತೆಯಲ್ಲಿ ಎಲ್ಲಿಯಾದರೂ ಭಯೋತ್ಪಾದನೆಯ ಸುದ್ದಿ ಬಂದೊಡನೆ ಕೇಳಿಬರುವ ಮಾತು ಒಂದೇ: “ಇಂಥವರಿಗೆ ಕೋರ್ಟು ಕಚೇರಿ ಯಾಕೆ? ನಿಲ್ಲಿಸಿ ಸುಟ್ಟುಬಿಡಬೇಕು.” ಹಾಗೆ ಹೇಳುವವರು ಕ್ರೂರಿಗಳಲ್ಲ. ನಮ್ಮ ನೆರೆಯವರು, ಎಷ್ಟೋ ವೇಳೆ ಭಾನುವಾರ ನಮ್ಮ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸುವವರು. ಆ ಮಾತು ನಮ್ಮ ಬಾಯಿಂದಲೂ ಬಂದಿದೆ. ಆದ್ದರಿಂದ ಈ ಲೇಖನ ಯಾರೋ ಬೇರೆಯವರ ಮೇಲಲ್ಲ, ನಮ್ಮ ಮೇಲೆಯೇ.

ಚಿತ್ರ ಮಾಡುವ ಮೋಡಿ ಎಲ್ಲಿದೆಯೆಂದು ಸ್ವಲ್ಪ ಯೋಚಿಸಿ. ಆ ನಾಲ್ವರು ಅಪರಾಧಿಗಳೆಂದು ನಮಗೆ ಹೇಗೆ ಗೊತ್ತಾಯಿತು? ನಿರ್ದೇಶಕರು ಹೇಳಿದ್ದರಿಂದ ಗೊತ್ತಾಯಿತು. ಅವರ ಬಾಯಿಂದಲೇ ತಪ್ಪೊಪ್ಪಿಗೆ ಆಡಿಸಿದ್ದರಿಂದ, ಅವರಲ್ಲಿ ಪಶ್ಚಾತ್ತಾಪದ ಸುಳಿವೂ ಇಲ್ಲವೆಂದು ತೋರಿಸಿದ್ದರಿಂದ ಗೊತ್ತಾಯಿತು. ಕತ್ತಲೆಯ ಸಭಾಂಗಣದಲ್ಲಿ ಕುಳಿತ ಪ್ರೇಕ್ಷಕನಿಗೆ ನಿರ್ದೇಶಕನು ಎರಡು ಗಂಟೆಗಳ ಮಟ್ಟಿಗೆ ಸರ್ವಜ್ಞತ್ವವನ್ನು ಸಾಲ ಕೊಡುತ್ತಾನೆ. ಯಾರು ಪಾಪಿ, ಯಾರು ನಿರಪರಾಧಿ ಎಂಬುದನ್ನು ಅಂತರಂಗ ಹೊಕ್ಕು ನೋಡಿದವರಂತೆ ನಾವು ಅರಿಯುತ್ತೇವೆ. ಅಂಥ ಅರಿವು ದೇವರಿಗೆ ಮಾತ್ರ ಸಲ್ಲುವುದೆಂದು ನಾವು ನಂಬುವವರು. ಚಿತ್ರ ಮುಗಿದು ಬೀದಿಗೆ ಬಂದಾಗ ಆ ಸಾಲವನ್ನು ಹಿಂತಿರುಗಿಸಬೇಕು. ನಾವು ಹಿಂತಿರುಗಿಸುವುದಿಲ್ಲ. ದೂರದರ್ಶನದಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿ ಕರೆದೊಯ್ಯುವ ಮನುಷ್ಯನನ್ನು ಕಂಡೊಡನೆ ಅವನೇ ಅಪರಾಧಿಯೆಂದು ಅದೇ ಸರ್ವಜ್ಞತ್ವದಿಂದ ತೀರ್ಮಾನಿಸಿಬಿಡುತ್ತೇವೆ.

ವಾಸ್ತವದಲ್ಲಿ ನಡೆದದ್ದನ್ನು ನೋಡೋಣ. 2006ರ ಜುಲೈ 11ರ ಸಂಜೆ ಮುಂಬಯಿಯ ಉಪನಗರ ರೈಲುಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ 7 ಬಾಂಬುಗಳು ಸಿಡಿದವು. 180ಕ್ಕೂ ಹೆಚ್ಚು ಜನ ಸತ್ತರು, 800ಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದವರು ಅವರು. ಚಿತ್ರದ ಸಾಮಾನ್ಯ ಮನುಷ್ಯನ ಕೋಪ ಹುಟ್ಟಿದ್ದು ಇಲ್ಲಿಂದ. ಆ ಕೋಪ ನ್ಯಾಯವಾದದ್ದೇ. ಪೊಲೀಸರು 13 ಜನರನ್ನು ವಿಚಾರಣೆಗೆ ಒಪ್ಪಿಸಿದರು. 2015ರಲ್ಲಿ ವಿಶೇಷ ನ್ಯಾಯಾಲಯ ಒಬ್ಬನನ್ನು ಬಿಡುಗಡೆ ಮಾಡಿ, 5 ಜನರಿಗೆ ಮರಣದಂಡನೆಯನ್ನೂ 7 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಆ 12 ಮಂದಿಯನ್ನೂ ದೋಷಮುಕ್ತಗೊಳಿಸಿತು. ಅವರಲ್ಲಿ ಒಬ್ಬ ಅದಾಗಲೇ ಸೆರೆಯಲ್ಲಿ ಸತ್ತಿದ್ದ. ತಪ್ಪೊಪ್ಪಿಗೆಗಳು ನಂಬಲರ್ಹವಲ್ಲ, ಗುರುತು ಹಿಡಿದ ಸಾಕ್ಷ್ಯ ನಿಲ್ಲುವಂಥದ್ದಲ್ಲ, ಬಳಸಿದ ಬಾಂಬು ಯಾವ ಬಗೆಯದೆಂಬುದನ್ನೂ ಅಭಿಯೋಜನೆ ಸ್ಥಾಪಿಸಲಿಲ್ಲ ಎಂದು ನ್ಯಾಯಾಲಯ ಕಂಡಿತು. ಮಹಾರಾಷ್ಟ್ರ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಮೇಲ್ಪಂಕ್ತಿಯಾಗಿ ಬಳಸಬಾರದೆಂದು ಜುಲೈ 24ರಂದು ಆ ನ್ಯಾಯಾಲಯ ತಡೆ ನೀಡಿತಾದರೂ, ಹೊರಬಂದವರು ಮರಳಿ ಸೆರೆಗೆ ಹೋಗಬೇಕಿಲ್ಲವೆಂದಿತು.

ಚಿತ್ರದ ನಾಲ್ವರು ಕಲ್ಪಿತ ಪಾತ್ರಗಳು, ನಿಜ. ಆದರೆ 2008ರಲ್ಲಿ ಆ ಚಿತ್ರಕ್ಕೆ ಚಪ್ಪಾಳೆ ಬೀಳುತ್ತಿದ್ದಾಗ ಈ 13 ಮನುಷ್ಯರು ಸೆರೆಯಲ್ಲಿದ್ದರು. ತಾರಸಿಯ ಮೇಲಿನ ನ್ಯಾಯಾಧೀಶ ನಿಜವಾಗಿಯೂ ಒಬ್ಬನಿದ್ದು, ಅವನ ಕೈಗೆ ಅವರು ಸಿಕ್ಕಿದ್ದರೆ ಏನಾಗುತ್ತಿತ್ತು? 13 ಹೆಣಗಳು ಬೀಳುತ್ತಿದ್ದವು, ಪ್ರಕರಣ ಮುಗಿಯುತ್ತಿತ್ತು. ನಾವು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದೆವು. ಹೈಕೋರ್ಟಿನ ತೀರ್ಪು ನಿಲ್ಲುವುದಾದರೆ, ಆ ನಿಶ್ಚಿಂತೆಯ ನೆರಳಿನಲ್ಲಿ ನಿಜವಾದ ಕೊಲೆಗಡುಕರೂ ನಿಶ್ಚಿಂತೆಯಿಂದಿರುತ್ತಿದ್ದರು. ಅವಸರದ ನ್ಯಾಯವು ಸತ್ತವರ ಪರವಾದುದೆಂದು ಭಾವಿಸುವವರು ಇದನ್ನು ಗಮನಿಸಬೇಕು. ತಪ್ಪು ಮನುಷ್ಯನನ್ನು ಕೊಂದಾಗ ಸತ್ತವರ ಕುಟುಂಬಕ್ಕೆ ಸಿಗುವುದು ನ್ಯಾಯವಲ್ಲ, ನ್ಯಾಯದ ಸೋಗು.

ಇದು ಮುಂಬಯಿಯ ಮಾತಾಯಿತು. ನಮ್ಮ ಮನೆಯ ಮಾತಿಗೆ ಬರೋಣ. 2000ದ ಬೇಸಿಗೆಯ ಕೊನೆ ಮತ್ತು ಮಳೆಗಾಲದ ಆರಂಭ ನಿಮಗೆ ನೆನಪಿದೆಯೇ? ಜೂನ್ 8ರಂದು ಗುಲಬರ್ಗಾ ಜಿಲ್ಲೆಯ ವಾಡಿಯ ಚರ್ಚಿನಲ್ಲಿ, ಜುಲೈ 8ರಂದು ನಮ್ಮ ಹುಬ್ಬಳ್ಳಿಯ ಲೂಥರನ್ ಚರ್ಚಿನಲ್ಲಿ, ಮರುದಿನ ಬೆಂಗಳೂರಿನ ಜಗಜೀವನರಾಮ್ ನಗರದ ಚರ್ಚಿನಲ್ಲಿ ಬಾಂಬುಗಳು ಸಿಡಿದವು. ಆಗ ನಾವೆಲ್ಲ ಯಾರನ್ನು ಶಂಕಿಸಿದೆವು? ಹಿಂದಿನ ವರ್ಷವಷ್ಟೇ ಒರಿಸ್ಸಾದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀವಂತ ಸುಟ್ಟಿದ್ದರು. ನಮ್ಮ ಬೆರಳು ತಾನೇ ತಾನಾಗಿ ಹಿಂದೂ ಸಂಘಟನೆಗಳತ್ತ ಚಾಚಿತು. ನಾವು ಸಭೆಗಳಲ್ಲಿ ಹಾಗೆ ಮಾತಾಡಿದೆವು. ಖಚಿತವಾಗಿ, ಅನುಮಾನವಿಲ್ಲದೆ ಮಾತಾಡಿದೆವು. ಜುಲೈ 9ರ ರಾತ್ರಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ಸ್ಫೋಟಗೊಂಡು ಅದರಲ್ಲಿದ್ದ ಇಬ್ಬರು ಸತ್ತರು. ಆ ಜಾಡು ಹಿಡಿದ ಪೊಲೀಸರು ತಲುಪಿದ್ದು ದೀನದಾರ್ ಅಂಜುಮನ್ ಎಂಬ ಬೇರೆಯೇ ಒಂದು ಪಂಥದ ಬಾಗಿಲಿಗೆ. ಎಂಟು ವರ್ಷಗಳ ತರುವಾಯ, 2008ರ ನವೆಂಬರಿನಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಜನರನ್ನು ಅಪರಾಧಿಗಳೆಂದು ಘೋಷಿಸಿತು. ಗಮನಿಸಿ, ‘ಎ ವೆಡ್‌ನೆಸ್‌ಡೇ’ ತೆರೆಕಂಡ ಮೂರು ತಿಂಗಳೊಳಗೆ, ಕಾನೂನಿಗೆ ಕೈಲಾಗದೆಂದು ಆ ಚಿತ್ರ ಹೇಳಿದ ಕೆಲಸವನ್ನು ಕಾನೂನೇ ಮಾಡಿ ತೋರಿಸಿತ್ತು.

ಸ್ವಲ್ಪ ಎದೆ ಮುಟ್ಟಿಕೊಂಡು ಉತ್ತರಿಸೋಣ. 2000ದ ಜುಲೈ 8ರ ಸಂಜೆ ನಮ್ಮ ಕ್ರೈಸ್ತ ಯುವಕನೊಬ್ಬ, ಸಿಟ್ಟಿನಿಂದ ಕುದಿಯುತ್ತಿದ್ದವನು, ಆ ತಾರಸಿಯ ಮನುಷ್ಯನ ದಾರಿ ಹಿಡಿದಿದ್ದರೆ ಯಾರನ್ನು ಕೊಲ್ಲುತ್ತಿದ್ದ? ಆ ಕೃತ್ಯಕ್ಕೂ ತನಗೂ ಸಂಬಂಧವೇ ಇಲ್ಲದ ಯಾರನ್ನೋ ಕೊಲ್ಲುತ್ತಿದ್ದ. ಅವನ ಕೋಪ ನಿಜವಾಗಿರುತ್ತಿತ್ತು, ಅವನ ನೋವು ನಿಜವಾಗಿರುತ್ತಿತ್ತು, ಅವನ ಗುರಿ ಮಾತ್ರ ತಪ್ಪಾಗಿರುತ್ತಿತ್ತು. ಅಂದು ನಮ್ಮನ್ನು ಆ ಮಹಾಪಾಪದಿಂದ ಕಾಪಾಡಿದ್ದು ನಮ್ಮ ಒಳ್ಳೆಯತನವಷ್ಟೇ ಅಲ್ಲ. ತನಿಖೆ, ಸಾಕ್ಷ್ಯ, ವಿಚಾರಣೆ ಎಂಬ ನಿಧಾನವಾದ, ನೀರಸವಾದ ವ್ಯವಸ್ಥೆ.

ಮತ್ತೊಂದು ಹುಬ್ಬಳ್ಳಿಯ ಮಾತು. 2008ರ ಮೇ 10ರಂದು, ವಿಧಾನಸಭಾ ಚುನಾವಣೆಯ ದಿನ, ಅಲ್ಲಿಯ ನ್ಯಾಯಾಲಯದೊಳಗೇ ಬಾಂಬು ಸಿಡಿಯಿತು. ಈ ಬಾರಿ ಎಲ್ಲರ ಬೆರಳು ಮುಸ್ಲಿಮರತ್ತ ತಿರುಗಿತು. 2009ರ ಜನವರಿಯಲ್ಲಿ ಪೊಲೀಸರು ಆ ಸ್ಫೋಟಕ್ಕಾಗಿ ಬಂಧಿಸಿದ್ದು ಮುಸ್ಲಿಮರಲ್ಲದ ಇನ್ನೊಂದು ಗುಂಪನ್ನು. ಅದೇ 2008ರಲ್ಲಿ ಹುಬ್ಬಳ್ಳಿಯಲ್ಲಿ ಭಯೋತ್ಪಾದನೆಯ ಸಂಚಿನ ಆರೋಪ ಹೊತ್ತು ಸೆರೆ ಸೇರಿದ 17 ಯುವಕರನ್ನು ಅಲ್ಲಿಯ ನ್ಯಾಯಾಲಯ 2015ರಲ್ಲಿ ದೋಷಮುಕ್ತಗೊಳಿಸಿತು. ಏಳು ವರ್ಷ! ಓದುತ್ತಿದ್ದವರು, ದುಡಿಯುತ್ತಿದ್ದವರು ಅವರಲ್ಲಿದ್ದರು. ನ್ಯಾಯಾಲಯ ಮರಳಿ ಕೊಡಲಾಗದ ಏಳು ವರ್ಷಗಳು ಅವು. ಆದರೂ ಜೀವ ಉಳಿದಿತ್ತು. ತಾರಸಿಯ ನ್ಯಾಯದಲ್ಲಿ ಅದೂ ಉಳಿಯುತ್ತಿರಲಿಲ್ಲ.

“ನಿನ್ನ ಮಗನೇ ಆ ರೈಲಿನಲ್ಲಿದ್ದಿದ್ದರೆ ಹೀಗೆ ಬರೆಯುತ್ತಿದ್ದೆಯಾ?” ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಹಾಗೆ ಬರೆಯಲಾರೆನೇನೋ. ಆದರೆ ಮಗನನ್ನು ಕಳೆದುಕೊಂಡ ದಿನ ನಾನು ಬರೆಯುವುದು ದೇಶದ ಕಾನೂನಾಗಬಾರದು ಎಂಬುದಕ್ಕಾಗಿಯೇ ನ್ಯಾಯಾಲಯವಿರುವುದು. ಈ ಪ್ರಶ್ನೆಗೆ ನನಗಿಂತ ಉತ್ತಮ ಉತ್ತರವನ್ನು ಗ್ಲಾಡಿಸ್ ಸ್ಟೇನ್ಸ್ ಕೊಟ್ಟಿದ್ದಾರೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಂದೇ ರಾತ್ರಿ ಕಳೆದುಕೊಂಡ ಆ ತಾಯಿ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ಕ್ಷಮಿಸಿದರೆಂದು ಮೊಕದ್ದಮೆ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೃದಯ ಕ್ಷಮಿಸಿತು, ಕಾನೂನು ಶಿಕ್ಷಿಸಿತು. ಎರಡೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ನಮ್ಮ ಚಿತ್ರದಲ್ಲಿ ಎರಡೂ ಸ್ಥಾನ ತಪ್ಪಿವೆ: ಹೃದಯ ಶಿಕ್ಷಿಸುತ್ತದೆ, ಕಾನೂನು ಕ್ಷಮಿಸುತ್ತದೆ.

“ಕಾನೂನು ಭಯೋತ್ಪಾದಕರನ್ನು ಸಾಕುತ್ತದೆ” ಎಂಬ ಮಾತೂ ಇದೆ. 2008ರ ನವೆಂಬರ್ 26ರ ರಾತ್ರಿ ತುಕಾರಾಂ ಓಂಬಳೆ ಎಂಬ ಪೊಲೀಸ್ ಅಧಿಕಾರಿ ಕೇವಲ ಲಾಠಿ ಹಿಡಿದು ಬಂದೂಕಿನ ನಳಿಗೆಯನ್ನೇ ತಬ್ಬಿ, ಗುಂಡುಗಳನ್ನು ತಮ್ಮ ದೇಹದಲ್ಲಿ ತಡೆದು, ಕಸಬ್‌ನನ್ನು ಜೀವಂತ ಹಿಡಿಯುವಂತೆ ಮಾಡಿದರು. ಜೀವಂತ ಸಿಕ್ಕಿದ್ದರಿಂದಲೇ ಸಂಚಿನ ಮೂಲ ಜಗತ್ತಿಗೆ ತಿಳಿಯಿತು. ಅವನಿಗೆ ವಕೀಲರನ್ನು ಕೊಡಲಾಯಿತು, ಮೂರು ಹಂತಗಳಲ್ಲಿ ವಿಚಾರಣೆ ನಡೆಯಿತು, 2012ರ ನವೆಂಬರ್ 21ರಂದು ಶಿಕ್ಷೆ ಜಾರಿಯಾಯಿತು. ಮರಣದಂಡನೆಯನ್ನು ನಮ್ಮ ಧರ್ಮಸಭೆ ಒಪ್ಪುವುದಿಲ್ಲವೆಂಬುದು ಬೇರೆ ಮಾತು. ನಾನು ಹೇಳುತ್ತಿರುವುದು ಇಷ್ಟೇ: ನಿಜವಾದ ವೀರ ಓಂಬಳೆಯವರು. ಅವರು ಹಿಡಿದರು, ಕೊಲ್ಲಲಿಲ್ಲ. ತಮ್ಮ ಪ್ರಾಣ ಕೊಟ್ಟರು, ಇನ್ನೊಬ್ಬರದನ್ನು ತೆಗೆಯಲಿಲ್ಲ. ದಾಳಿಯನ್ನು ತಡೆಯುವ ಚಿತ್ರ ಬೇಕಿದ್ದರೆ ಆ ಬದುಕಿನಲ್ಲಿದೆ.

ನಮ್ಮ ನೆಲಕ್ಕೆ ಅವಸರದ ಶಿಕ್ಷೆಯ ರುಚಿ ಗೊತ್ತಿದೆ. ಮುಧೋಳ ಸೀಮೆಯ ಹಲಗಲಿಯ ಬೇಡರ ಲಾವಣಿಯನ್ನು ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಓದುತ್ತಾರೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದ ಆ ಊರನ್ನು ಕಂಪನಿ ಸೈನ್ಯ ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಜನರನ್ನು, ಹಲಗಲಿಯಲ್ಲಿ 6 ಜನರನ್ನು ನೇಣಿಗೇರಿಸಿದರು. ಮುತ್ತಿಗೆಗೂ ನೇಣಿಗೂ ನಡುವೆ ಇದ್ದದ್ದು ಕೆಲವೇ ದಿನಗಳು. ಅಂದಿನ ಸರಕಾರದ ಕಾಗದಪತ್ರಗಳಲ್ಲಿ ಅವರು ದಂಗೆಕೋರರು. ಇಂದು ನಮಗೆ ವೀರರು. ರೈಲಿನಲ್ಲಿ ಬಾಂಬಿಟ್ಟವರನ್ನು ಹಲಗಲಿಯವರೊಡನೆ ಹೋಲಿಸುವುದು ಅವಿವೇಕ, ನಾನು ಹೋಲಿಸುತ್ತಿಲ್ಲ. ಆದರೆ ಹಗ್ಗ ಕೈಯಲ್ಲಿರುವವನು ಅವಸರದಲ್ಲಿದ್ದಾಗ ಕೊರಳು ಯಾರದೆಂದು ಕೇಳುವುದಿಲ್ಲವೆಂಬುದನ್ನು ಮುಧೋಳದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಆ ಚಿತ್ರ ತನ್ನನ್ನು ಸಾಮಾನ್ಯ ಮನುಷ್ಯನ ಕಥೆಯೆಂದು ಕರೆದುಕೊಳ್ಳುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವ ಮಾತು. ಸಾಮಾನ್ಯ ಮನುಷ್ಯನ ತಾಳ್ಮೆ ಕೆಟ್ಟಾಗ ಅವನು ಮಾಡುವುದು ಬಾಂಬೇ? ಜಮಖಂಡಿಯ ಕೃಷ್ಣಾ ತೀರದ ರೈತರು ಸರಕಾರಕ್ಕಾಗಿ ಕಾದು ಸಾಕಾಗಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂದದ್ದು ಸುಮ್ಮನೆಯಲ್ಲ. ಬೀಳಗಿಯ ರೈತರು ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಗುಡಿ ಗೋರಿಗಳನ್ನು ಬಿಟ್ಟುಕೊಟ್ಟು, ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರುವ ಮಾತು ಬಂದಾಗ ಮತ್ತೆ ಅದೇ ಆತಂಕ, ಅದೇ ಕಾಯುವಿಕೆ. ವಿಳಂಬವೆಂದರೇನೆಂದು ತಾರಸಿಯ ಮನುಷ್ಯನಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ಮನವಿ ಕೊಟ್ಟರು, ಧರಣಿ ಕೂತರು, ವಕೀಲರನ್ನು ಹಿಡಿದರು. ರಬಕವಿ-ಬನಹಟ್ಟಿಯ ನೇಕಾರನಿಗೆ ನೂಲಿನ ಬೆಲೆ ಏರಿ ಸೀರೆಯ ಬೆಲೆ ಇಳಿದು ಹೊಟ್ಟೆಗೆ ಬೆಂಕಿ ಬಿದ್ದ ದಿನಗಳಿವೆ. ಆದರೂ ಎಳೆ ಹರಿದಾಗ ಅವನು ಮಗ್ಗಕ್ಕೆ ಬೆಂಕಿಯಿಡುವುದಿಲ್ಲ; ಬಗ್ಗಿ, ಹರಿದ ತುದಿ ಹುಡುಕಿ, ಗಂಟು ಹಾಕುತ್ತಾನೆ. ನನಗೆ ಗೊತ್ತಿರುವ ಸಾಮಾನ್ಯ ಮನುಷ್ಯರು ಇವರು. ಇವರ ಹೆಸರಿನಲ್ಲಿ ಮುಂಬಯಿಯ ತಾರಸಿಯೊಂದರಿಂದ ಕೊಲೆಗೆ ಅಧಿಕಾರಪತ್ರ ಹೊರಡಿಸಿದವರು ಯಾರು?

ಶುಭಸಂದೇಶವನ್ನು ಓದುವ ನಮಗೆ ಈ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇರಬಾರದಿತ್ತು. ಜನಾಂಗದ ಹಿತಕ್ಕಾಗಿ ಒಬ್ಬ ಸತ್ತರೆ ಒಳಿತೆಂದು ಲೆಕ್ಕ ಹಾಕಿದವನು ಕಾಯಫ. ಆ ಲೆಕ್ಕ ಅತ್ಯಂತ ವ್ಯಾವಹಾರಿಕವಾಗಿತ್ತು. ದೇಶದ ಭದ್ರತೆಯ ದೃಷ್ಟಿಯಿಂದ ಅದಕ್ಕೆ ಮೆಚ್ಚುಗೆಯೂ ಸಿಕ್ಕಿರಬೇಕು. ಕೇಳದೆ ವಿಚಾರಿಸದೆ ಒಬ್ಬನನ್ನು ದಂಡಿಸಬಹುದೇ ಎಂದು ಅದೇ ಸಭೆಯಲ್ಲಿ ತಗ್ಗಿದ ದನಿಯಲ್ಲಿ ಕೇಳಿದವನು ನಿಕೊದೇಮ. ಅವನನ್ನು ಗದರಿಸಿ ಕೂರಿಸಿದರು. ಪಿಲಾತನ ಅಂಗಳದಲ್ಲಿ ಕೂಗಿದ ಗುಂಪಿನಲ್ಲಿದ್ದವರೂ ಸಾಮಾನ್ಯ ಮನುಷ್ಯರೇ. ಸ್ತೆಫನನಿಗೆ ಕಲ್ಲೆಸೆದವರ ಮೇಲಂಗಿಗಳನ್ನು ಕಾದು ನಿಂತ ಸೌಲನಿಗೆ ತಾನು ಧರ್ಮದ ಕೆಲಸ ಮಾಡುತ್ತಿದ್ದೇನೆಂಬ ಖಾತ್ರಿಯಿತ್ತು. ಅದೇ ಸೌಲ ಪೌಲನಾದ ಮೇಲೆ, ತನ್ನ ಕೊಲೆಗೆ ಸಂಚು ನಡೆದಾಗ, ವಿಚಾರಣೆಯಿಲ್ಲದೆ ತನ್ನನ್ನು ಒಪ್ಪಿಸಬಾರದೆಂದು ಚಕ್ರವರ್ತಿಯ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದ. ನ್ಯಾಯಬದ್ಧ ವಿಚಾರಣೆಯ ಬೆಲೆ ಅವನಿಗೆ ಎರಡೂ ಕಡೆಯಿಂದ ಗೊತ್ತಿತ್ತು.

ನಾವು ಒಂದೇ ಕಡೆಯಲ್ಲಿದ್ದೇವೆಂದು ಭಾವಿಸುವವರು ಫಾದರ್ ಸ್ಟಾನ್ ಸ್ವಾಮಿಯವರನ್ನು ನೆನೆಯಬೇಕು. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ, ಆಮೇಲೆ ಝಾರ್ಖಂಡದ ಆದಿವಾಸಿಗಳ ನಡುವೆ ಬದುಕಿದ ಆ ಯೇಸುಸಭೆಯ ಗುರುಗಳನ್ನು 2020ರ ಅಕ್ಟೋಬರಿನಲ್ಲಿ ಭಯೋತ್ಪಾದನೆಯನ್ನು ತಡೆಯುವ ಕಾಯಿದೆಯಡಿಯಲ್ಲೇ ಬಂಧಿಸಲಾಯಿತು. ಕಂಪವಾತದಿಂದ ಕೈ ನಡುಗುತ್ತಿದ್ದ ಅವರು 2021ರ ಜುಲೈ 5ರಂದು, 84ನೆಯ ವಯಸ್ಸಿನಲ್ಲಿ, ಜಾಮೀನಿಗಾಗಿ ಕಾಯುತ್ತಲೇ ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪದ ವಿಚಾರಣೆ ಆರಂಭವಾಗಲೇ ಇಲ್ಲ. ‘ಇಂಥವರಿಗೆ ಕೋರ್ಟು ಯಾಕೆ’ ಎಂದು ನಾವು ಕೂಗುವಾಗ ‘ಇಂಥವರು’ ಯಾರೆಂಬುದನ್ನು ತೀರ್ಮಾನಿಸುವವರು ನಾವಲ್ಲ. ಇಂದು ಆ ಪಟ್ಟಿಯಲ್ಲಿ ನೆರೆಯವನ ಹೆಸರು, ನಾಳೆ ನಮ್ಮ ಗುರುಗಳದು.

ಹಾಗಾದರೆ ಭಯೋತ್ಪಾದನೆಯನ್ನು ಸಹಿಸಿಕೊಳ್ಳಬೇಕೆ? ಎಂದಿಗೂ ಇಲ್ಲ. ರೈಲಿನಲ್ಲಿ ಬಾಂಬಿಡುವವನು ದೇವರ ಮುಂದೆಯೂ ಮನುಷ್ಯರ ಮುಂದೆಯೂ ಅಪರಾಧಿ. ಅವನನ್ನು ಹಿಡಿಯಬೇಕು, ತಡೆಯಬೇಕು, ಶಿಕ್ಷಿಸಬೇಕು. ವಿಚಾರಣೆ ಹತ್ತೊಂಬತ್ತು ವರ್ಷ ಎಳೆಯುವುದು ಲಜ್ಜೆಗೇಡು, ಅದನ್ನು ಖಂಡಿಸೋಣ. ಹೆಚ್ಚು ನ್ಯಾಯಾಧೀಶರು ಬೇಕು, ಹಿಂಸೆಯಿಂದ ತಪ್ಪೊಪ್ಪಿಗೆ ಪಡೆಯದೆ ಸಾಕ್ಷ್ಯ ಕಲೆಹಾಕಬಲ್ಲ ತನಿಖೆ ಬೇಕು, ನೊಂದ ಕುಟುಂಬಗಳಿಗೆ ಕೂಡಲೇ ಆಸರೆ ಬೇಕು ಎಂದು ಕೇಳೋಣ. ನಮ್ಮ ಮುಧೋಳದ ನಾಯಿಯನ್ನು ಸೈನ್ಯದವರು ತರಬೇತಿಗೆ ಒಯ್ದಿದ್ದಾರೆಂದು ನಾವು ಹೆಮ್ಮೆಪಡುತ್ತೇವೆ. ಆ ನಾಯಿಗೆ ಇರುವ ಶಿಸ್ತು ನಮಗೂ ಇರಲಿ. ಅದು ಜಾಡು ಹಿಡಿಯುತ್ತದೆ, ತೋರಿಸುತ್ತದೆ, ಯಜಮಾನನ ಮಾತಿಗೆ ಕಾಯುತ್ತದೆ. ತೀರ್ಪು ಕೊಡುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಬಾರಿ ನಿಮ್ಮ ಮನೆಯಲ್ಲಿ ಈ ಚಿತ್ರವನ್ನೋ ಇದರ ಮರಿಗಳಲ್ಲಿ ಯಾವುದನ್ನೋ ಮಕ್ಕಳು ನೋಡುತ್ತಿದ್ದರೆ ಬೈದು ಆರಿಸಬೇಡಿ. ಜೊತೆಗೆ ಕುಳಿತು ನೋಡಿ. ಚಪ್ಪಾಳೆ ತಟ್ಟಬೇಕೆನಿಸುವ ಆ ಗಳಿಗೆ ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ: “ಆ ನಾಲ್ವರೇ ಮಾಡಿದ್ದೆಂದು ಇವನಿಗೆ ಹೇಳಿದವರು ಯಾರು?” ಮಕ್ಕಳು ಉತ್ತರ ಹುಡುಕಲಿ. ಅವರು ಹುಡುಕುತ್ತಿರುವಾಗ ನಾವೂ, 2000ದ ಆ ಜುಲೈ ತಿಂಗಳಲ್ಲಿ ನಾವು ಚಾಚಿದ ಬೆರಳನ್ನು ನೆನೆದು, ಸ್ವಲ್ಪ ಹೊತ್ತು ಮೌನವಾಗಿರೋಣ.